ಹುಡುಗಿ ಅಸಲಿ, ಹೆಸರು ನಕಲಿ: ಒಂದು ಬಿಯರ್ ಟ್ರೇಯ ಪ್ರಕರಣ

ದೀಪಾವಳಿಗೆ ಎರಡು ದಿನ ಇರುವಾಗ ಗೆಳೆಯರೊಬ್ಬರು ಫೋನ್ ಮಾಡಿ, "ಸ್ವಲ್ಪ ಬಂದು ಹೋಗುತ್ತೀರಾ? ಅಮ್ಮ ಟ್ರೇ ಹಾಳು ಮಾಡಿಬಿಟ್ಟಿದ್ದಾರೆ" ಎಂದರು. ದನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು. ನಾವಿಬ್ಬರೂ ಇರುವುದು ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ಅವರ ತಾಯಿ ತಿಪಟೂರಿನಿಂದ ಆರು ತಿಂಗಳ ಮಟ್ಟಿಗೆ ಮಗನ ಮನೆಗೆ ಬಂದಿದ್ದರು. ಹಬ್ಬಕ್ಕೆಂದು ದೀಪದ ಕಂಬಗಳನ್ನು ಬೆಳಗುವಾಗ ಗೋಡೆಯ ಮೇಲಿದ್ದ ಹಳೆಯ ತಗಡಿನ ತಟ್ಟೆಯನ್ನೂ ಇಳಿಸಿ, ಹುಣಸೆಹಣ್ಣು ಹಚ್ಚಿ ನಾರಿನಿಂದ ತಿಕ್ಕಿದ್ದರು. ನಾರು ಊರಿನಿಂದ ಬಂದದ್ದು; ತಿಪಟೂರಿನವರಿಗೆ ತೆಂಗಿನ ನಾರಿಲ್ಲದೆ ಪಾತ್ರೆ ಬೆಳಗಿದ ಸಮಾಧಾನ ಸಿಕ್ಕುವುದಿಲ್ಲ. ಆ ತಟ್ಟೆಗೆ ಗೆಳೆಯರು ಎರಡು ತಿಂಗಳ ಹಿಂದೆ ಹರಾಜಿನಲ್ಲಿ 425 ಡಾಲರ್ ಎಣಿಸಿದ್ದರು.

ಹೋಗಿ ನೋಡಿದೆ. ಅಡುಗೆಮನೆಯ ಕಟ್ಟೆಯ ಮೇಲೆ, ಫಳಫಳ ಹೊಳೆಯುವ ದೀಪದ ಕಂಬಗಳ ಪಕ್ಕದಲ್ಲಿ ಟ್ರೇ ಒರಗಿಕೊಂಡಿತ್ತು. ಅಮ್ಮ ಬಾಗಿಲ ಬಳಿ ನಿಂತು, "ಕಪ್ಪುಗಟ್ಟಿತ್ತಪ್ಪ, ಹಬ್ಬದ ದಿನ ಹಾಗೆ ಇಡಬಾರದೆಂದು ತಿಕ್ಕಿದೆ. ಬಣ್ಣ ಇಷ್ಟು ಸುಲಭವಾಗಿ ಕಿತ್ತು ಬರುತ್ತದೆ ಎಂದು ನನಗೇನು ಗೊತ್ತು?" ಎಂದರು.

ಅವರ ಕೊನೆಯ ಮಾತು ನನ್ನನ್ನು ಚುಚ್ಚಿತು. ಬಿಯರ್ ಲೋಟಗಳನ್ನು ಹೊರುವ ಇಂಥ ಜಾಹೀರಾತು ಟ್ರೇಗಳ ಬಣ್ಣ ಸುಲಭವಾಗಿ ಕಿತ್ತು ಬರುವುದಿಲ್ಲ. ಒದ್ದೆ ಗಾಜಿನ ಲೋಟಗಳು ದಿನಕ್ಕೆ ನೂರು ಬಾರಿ ಮೇಲೆ ಕುಳಿತು ಎದ್ದರೂ, ಚೆಲ್ಲಿದ ಬಿಯರನ್ನು ಒರಟು ಬಟ್ಟೆಯಿಂದ ಉಜ್ಜಿ ಒರೆಸಿದರೂ ತಡೆಯಲಿ ಎಂದೇ ಅದನ್ನು ಒಲೆಯಲ್ಲಿ ಸುಟ್ಟು, ಮೇಲೆ ವಾರ್ನಿಶ್ ಕೊಟ್ಟಿರುತ್ತಾರೆ. ಐದು ನಿಮಿಷದ ಹುಣಸೆಹಣ್ಣಿಗೆ ಸೋಲುವ ಬಣ್ಣ ಅಲ್ಲಿ ಇರಬಾರದಿತ್ತು.

ಈ ಪ್ರಕರಣದಲ್ಲಿ ನನ್ನ ಪಾತ್ರವೂ ಅಷ್ಟೇನೂ ಹೆಮ್ಮೆಯದಲ್ಲ. ಹೊಟ್ಟೆಪಾಡಿಗೆ ನಾನು ಮಾಡುವ ಕೆಲಸ ಪ್ಯಾಕೇಜಿಂಗ್ ಮುದ್ರಣದ ಬಣ್ಣಪರೀಕ್ಷೆ. ಹದಿನೈದು ವರ್ಷಗಳಿಂದ ಹಳೆಯ ಜಾಹೀರಾತು ಟ್ರೇಗಳನ್ನು ಕೂಡಿಸುತ್ತಾ ಬಂದಿದ್ದೇನೆ. ಗೆಳೆಯರಿಗೆ ಈ ಹುಚ್ಚು ಅಂಟಿದ್ದೂ ನನ್ನಿಂದಲೇ. ಹರಾಜಿನ ದಿನ ಅವರು ಮೊಬೈಲ್‌ನಲ್ಲಿ ಚಿತ್ರ ಕಳುಹಿಸಿ ಕೇಳಿದಾಗ ನಾನು ಟ್ರೇಯ ಮೇಲೆ ಅಚ್ಚಾಗಿದ್ದ ಹುಡುಗಿಯ ಮುಖವನ್ನು ಹಿಗ್ಗಿಸಿ ನೋಡಿ, "ಅಸಲಿ, ಧೈರ್ಯವಾಗಿ ಕೂಗಿ" ಎಂದು ಉತ್ತರಿಸಿದ್ದೆ. ಹುಡುಗಿಯ ವಿಷಯದಲ್ಲಿ ನಾನು ಹೇಳಿದ್ದು ಸರಿಯಾಗಿಯೇ ಇತ್ತು.

ಟ್ರೇ ಅಂಡಾಕಾರದ್ದು, ಸುಮಾರು 16.5 ಅಂಗುಲ ಉದ್ದ, 13.5 ಅಂಗುಲ ಅಗಲ. ನಡುವೆ ಕೆಂಪು ಗುಲಾಬಿಯನ್ನು ಎದೆಗೆ ಒತ್ತಿ ಹಿಡಿದ, ಕಂದು ಕೂದಲಿನ ಹುಡುಗಿ. ಸುತ್ತ ದಟ್ಟ ಹಸಿರು ಅಂಚು, ಅದರ ಮೇಲೆ ಬಂಗಾರದ ಬಣ್ಣದ ಎಲೆಬಳ್ಳಿ. ಅಂಚಿನ ಕೆಳಭಾಗದಲ್ಲಿ, ಬಳ್ಳಿ ಬಿಟ್ಟುಕೊಟ್ಟ ಖಾಲಿ ಜಾಗದಲ್ಲಿ, ಹಳದಿ ಅಕ್ಷರಗಳಲ್ಲಿ ಒಹಾಯೊದ್ದೇ ಒಂದು ಸಣ್ಣ ಊರಿನ ಬಿಯರ್ ಕಂಪನಿಯ ಹೆಸರು. ಅಮ್ಮನ ನಾರು ಸರಿಯಾಗಿ ಅಲ್ಲಿಯೇ ಹಾದುಹೋಗಿ ಮೂರು ಅಕ್ಷರಗಳನ್ನು ಅಳಿಸಿತ್ತು. ಆದರೆ ಅಳಿಸಿದ ಜಾಗದಲ್ಲಿ ಬರಿಯ ತಗಡು ಕಾಣುವ ಬದಲು ಇನ್ನೊಂದು ಹಸಿರು, ಸ್ವಲ್ಪ ಹೆಚ್ಚು ನೀಲಿ ಬೆರೆತದ್ದು, ಕಂಡಿತು. ಅದರ ಮೇಲೆ ಕೆನೆಬಣ್ಣದ ಒಂದು ಬಾಲ. ಯಾವುದೋ ಅಕ್ಷರದ ಬಾಲ.

ಹುಡುಗಿ ಎಲ್ಲರವಳು

ಇಲ್ಲಿ ಏನು ನಡೆದಿರಬಹುದು ಎಂದು ಊಹಿಸಬೇಕಾದರೆ ಈ ಟ್ರೇಗಳ ವ್ಯಾಪಾರ ಹೇಗೆ ನಡೆಯುತ್ತಿತ್ತು ಎಂಬುದು ಗೊತ್ತಿರಬೇಕು. ನಮಗೆ ಅದು ಕಷ್ಟವೇ ಅಲ್ಲ. ಶಿವಕಾಶಿ ಕ್ಯಾಲೆಂಡರ್ ನೋಡಿದವರಿಗೆಲ್ಲ ಅರ್ಥವಾಗುತ್ತದೆ. ಮೇಲೆ ಲಕ್ಷ್ಮಿಯೋ ಬಾಲಕೃಷ್ಣನೋ ಇರುತ್ತಾರೆ, ಕೆಳಗೆ ಒಂದು ಪಟ್ಟಿ ಖಾಲಿ. ಜವಳಿ ಅಂಗಡಿಯವರು ಕೊಂಡರೆ ಜವಳಿ ಅಂಗಡಿಯ ಹೆಸರು, ಅಡಿಕೆ ಮಂಡಿಯವರು ಕೊಂಡರೆ ಮಂಡಿಯ ಹೆಸರು. ದೇವಿ ಅದೇ, ಊರೂರಿಗೆ ಅಂಗಡಿ ಬೇರೆ. ಅಮೆರಿಕದಲ್ಲಿ 1900ರ ಆಸುಪಾಸಿನಲ್ಲಿ ತಗಡಿನ ಟ್ರೇಗಳದ್ದೂ ಇದೇ ಕ್ರಮ. ಮಿಲ್ವಾಕಿ, ಸೇಂಟ್ ಲೂಯಿಗಳ ದೊಡ್ಡ ಬಿಯರ್ ಕಾರ್ಖಾನೆಗಳು ತಮ್ಮದೇ ಚಿತ್ರ ಬರೆಸಿಕೊಳ್ಳುತ್ತಿದ್ದವು. ಸಣ್ಣ ಊರಿನ ಕಾರ್ಖಾನೆ, ಮದ್ಯದ ಸಗಟು ವ್ಯಾಪಾರಿ, ದಿನಸಿ ಅಂಗಡಿ, ಪೀಠೋಪಕರಣದ ಮಳಿಗೆ ಇವರೆಲ್ಲ ಮುದ್ರಕರ ಮಾದರಿ ಪುಸ್ತಕದಿಂದ ಒಂದು ಸಿದ್ಧ ಚಿತ್ರ ಆರಿಸಿ ಕೆಳಗೆ ತಮ್ಮ ಹೆಸರು ಹಾಕಿಸಿಕೊಳ್ಳುತ್ತಿದ್ದರು. ಚಿಲ್ಲರೆ ಹಿಂತಿರುಗಿಸಲು ನಾಲ್ಕು ಅಂಗುಲದ ಪುಟ್ಟ ತಟ್ಟೆಗಳೂ ಇದೇ ಬಗೆಯಲ್ಲಿ ಹೊರಬರುತ್ತಿದ್ದವು.

ನಮ್ಮ ಟ್ರೇಯ ಅಂಚಿನಲ್ಲಿ, ಭೂತಗನ್ನಡಿಗಷ್ಟೇ ಸಿಕ್ಕುವ ಗಾತ್ರದಲ್ಲಿ ಮುದ್ರಕರ ಹೆಸರಿತ್ತು: ಮೀಕ್ ಕಂಪನಿ, ಕೊಶಾಕ್ಟನ್, ಒಹಾಯೊ. ಕೊಶಾಕ್ಟನ್ ನಮ್ಮ ಊರಿಂದ ಕಾರಿನಲ್ಲಿ ಎರಡು ಗಂಟೆಯೂ ಆಗದ ದಾರಿ. ಮಸ್ಕಿಂಗಮ್ ನದಿ ಹುಟ್ಟುವ ಸಂಗಮದ ಸಣ್ಣ ಊರು. 1880ರ ದಶಕದಲ್ಲಿ ಅಲ್ಲಿ ಪತ್ರಿಕೆ ನಡೆಸುತ್ತಿದ್ದ ಜಾಸ್ಪರ್ ಮೀಕ್ ಎಂಬವರು, ಪ್ರೆಸ್ ಸುಮ್ಮನೆ ನಿಂತಿರುವ ಹೊತ್ತನ್ನು ದುಡಿಸಿಕೊಳ್ಳಲೆಂದು, ಗೋಣಿಬಟ್ಟೆಯ ಶಾಲಾಚೀಲಗಳ ಮೇಲೆ ಚಪ್ಪಲಿ ಬೂಟುಗಳ ಅಂಗಡಿಯೊಂದರ ಹೆಸರು ಅಚ್ಚು ಹಾಕಿ ಮಕ್ಕಳಿಗೆ ಹಂಚಿಸಿದರು. ಮಕ್ಕಳು ಊರು ತುಂಬ ಓಡಾಡಿದರು, ಅಂಗಡಿಯ ಹೆಸರೂ ಓಡಾಡಿತು. ಅದೇ ಊರಿನ ಎಚ್. ಡಿ. ಬೀಚ್ ಎಂಬವರು ಪೈಪೋಟಿಗೆ ನಿಂತರು. 1901ರಲ್ಲಿ ಇಬ್ಬರೂ ಒಂದಾದರು, ಬೇಗನೆ ಮತ್ತೆ ಬೇರೆಯಾದರು. ಮೀಕ್ ಅವರ ಸಂಸ್ಥೆ 1909ರಲ್ಲಿ 'ಅಮೆರಿಕನ್ ಆರ್ಟ್ ವರ್ಕ್ಸ್' ಎಂದು ಹೆಸರು ಬದಲಿಸಿಕೊಂಡಿತು. ಕೋಕಾ-ಕೋಲಾದ ಎಷ್ಟೋ ಪ್ರಸಿದ್ಧ ಟ್ರೇಗಳು ಇಲ್ಲಿಯವೇ. ಹೀಗಾಗಿ ಅಂಚಿನ ಒಂದು ಸಾಲು ಸಂಗ್ರಾಹಕರಿಗೆ ಕಾಲವನ್ನು ಕಟ್ಟಿಕೊಡುತ್ತದೆ: 'ಮೀಕ್ ಕಂಪನಿ' ಎಂದಿದ್ದರೆ ಆ ಚಿತ್ರ ಕಲ್ಲಿಗೆ ಏರಿದ್ದು 1909ಕ್ಕೆ ಮೊದಲು.

ಕಲ್ಲಿಗೆ ಎಂದೆ, ಅದು ನಿಜವಾಗಿಯೂ ಕಲ್ಲೇ. ನಮ್ಮಲ್ಲಿ ಇದಕ್ಕೆ ಕಲ್ಲಚ್ಚು ಎಂಬ ಚೆಂದದ ಮಾತಿದೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಬಂದದ್ದು ಕಲ್ಲಚ್ಚಿನಲ್ಲಿಯೇ. ಅಜ್ಜಿಯ ಮನೆಯ ಗೋಡೆಯ ಮೇಲಿದ್ದ ರವಿವರ್ಮ ಪ್ರೆಸ್ಸಿನ ಲಕ್ಷ್ಮಿ, ಸರಸ್ವತಿಯರೂ ಕಲ್ಲಿನಿಂದಲೇ ಇಳಿದು ಬಂದವರು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು; ಕುಶಲಕರ್ಮಿ ಕೈಯಿಂದ ಚುಕ್ಕಿ ಚುಕ್ಕಿ ಇಟ್ಟು ಕೆನ್ನೆಯ ನೆರಳು ಬರಿಸಬೇಕು. ಕಾಗದಕ್ಕಾದರೆ ಕಲ್ಲನ್ನು ನೇರವಾಗಿ ಒತ್ತಬಹುದು. ತಗಡು ಗಟ್ಟಿ, ಕಲ್ಲೂ ಗಟ್ಟಿ; ಶಾಯಿ ಸರಿಯಾಗಿ ಕೂರುವುದಿಲ್ಲ. 1875ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾರ್ಕ್ಲೆ ಇದಕ್ಕೆ ದಾರಿ ಹುಡುಕಿದರು: ಕಲ್ಲಿನ ಚಿತ್ರವನ್ನು ಮೊದಲು ನಡುವಿನ ಒಂದು ಉರುಳೆಗೆ ಇಳಿಸಿ, ಆ ಉರುಳೆಯಿಂದ ತಗಡಿಗೆ ದಾಟಿಸುವುದು. ಇಂದಿನ ಆಫ್‌ಸೆಟ್ ಮುದ್ರಣದ ಬೇರು ಬಿಸ್ಕತ್ತಿನ ಡಬ್ಬಿಯಂಥ ತಗಡಿನ ಸಾಮಾನುಗಳಲ್ಲಿದೆ ಎಂದರೆ ನನ್ನ ಕಾರ್ಖಾನೆಯ ಹುಡುಗರು ಇಂದಿಗೂ ನಂಬುವುದಿಲ್ಲ.

ಇದರಲ್ಲಿ ಮುಖ್ಯವಾದದ್ದು ಕೆಲಸದ ಸರದಿ. ಮೊದಲು ತವರ ಲೇಪಿಸಿದ ಉಕ್ಕಿನ ಚಪ್ಪಟೆ ತಗಡಿನ ಮೇಲೆ ಚಿತ್ರ, ಹೆಸರು ಎಲ್ಲವನ್ನೂ ಅಚ್ಚು ಹಾಕುತ್ತಾರೆ. ಒಲೆಯಲ್ಲಿ ಒಣಗಿಸಿ ವಾರ್ನಿಶ್ ಕೊಡುತ್ತಾರೆ. ಆಮೇಲೆ ಭಾರಿ ಒತ್ತುಯಂತ್ರದಲ್ಲಿ ಇಟ್ಟು ಟ್ರೇಯ ಆಕಾರಕ್ಕೆ ಬಗ್ಗಿಸಿ, ತುದಿಯನ್ನು ಸುರುಳಿ ಮಾಡುತ್ತಾರೆ. ಎಂದರೆ ಅಂಚಿನ ಮೇಲಿನ ಅಕ್ಷರಗಳು ತಗಡಿನ ಜೊತೆಗೇ ಬಗ್ಗಿರಬೇಕು, ಅದರ ಜೊತೆಗೇ ನೊಂದಿರಬೇಕು.

ಮೇಜಿನ ಮೇಲೆ

ಮೊದಲು ಮಾಡಿದ ಕೆಲಸ ಹುಣಸೆಹಣ್ಣಿನ ಹುಳಿಯನ್ನು ತೊಳೆದದ್ದು. ತವರದ ಲೇಪ ಉಕ್ಕನ್ನು ಮುಚ್ಚಿ ಕಾಯುತ್ತದೆಯೇ ಹೊರತು ಸತುವಿನಂತೆ ತಾನು ಸವೆದು ಉಕ್ಕನ್ನು ಉಳಿಸುವುದಿಲ್ಲ; ಗೀರು ಬಿದ್ದಲ್ಲಿ ಹುಳಿ ಉಳಿದರೆ ಎರಡು ದಿನದಲ್ಲಿ ತುಕ್ಕು ಶುರು. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಒತ್ತಿ ಒತ್ತಿ ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಮನೆಗೆ ತಂದು ಒಂದು ರಾತ್ರಿ ಒಣಗಲು ಬಿಟ್ಟೆ.

ಮರುದಿನ ಹತ್ತು ಪಟ್ಟು ಹಿಗ್ಗಿಸುವ ಗಾಜನ್ನು ಹುಡುಗಿಯ ಕೆನ್ನೆಯ ಮೇಲಿಟ್ಟೆ. ಹಳೆಯ ಚಿತ್ರಗಳನ್ನು ಫೋಟೊ ತೆಗೆದು ಮತ್ತೆ ಅಚ್ಚು ಹಾಕಿದ ಟ್ರೇಗಳು 1970ರ ದಶಕದಿಂದ ಈಚೆಗೆ ರಾಶಿ ರಾಶಿ ಬಂದಿವೆ. ಅವುಗಳಲ್ಲಿ ನಾಲ್ಕು ಬಣ್ಣದ ಚುಕ್ಕಿಗಳು ಸಾಲಾಗಿ, ಜೇನುಗೂಡಿನಂತೆ, ಒಂದೇ ಅಂತರದಲ್ಲಿ ಕೂತಿರುತ್ತವೆ. ಈ ಕೆನ್ನೆಯಲ್ಲಿ ಹಾಗಿರಲಿಲ್ಲ. ತಿಳಿ ಗುಲಾಬಿಯ ಚುಕ್ಕಿ ಒಂದು ಕಡೆ ದಟ್ಟ, ಒಂದು ಕಡೆ ವಿರಳ. ನಡುವೆ ಕಂದು, ಕಿವಿಯ ಬಳಿ ಸ್ವಲ್ಪ ನೀಲಿಬೂದು. ಯಾವ ಎರಡು ಚುಕ್ಕಿಯೂ ಒಂದೇ ಅಳತೆಯಲ್ಲಿರಲಿಲ್ಲ. ಯಾರೋ ಒಬ್ಬರು ಕುಳಿತು, ಕೈ ನೋಯುವವರೆಗೆ ಇಟ್ಟ ಚುಕ್ಕಿಗಳು. ಹುಡುಗಿ ನೂರಕ್ಕೆ ನೂರು ಆ ಕಾಲದವಳೇ.

ಗಾಜನ್ನು ಕೆಳಗೆ ಸರಿಸಿದೆ. ಅಂಚು ಬಾಗುವ ತಿರುವಿನಲ್ಲಿ ಹಸಿರು ಬಣ್ಣ ಕೂದಲೆಳೆಯಷ್ಟು ಸಣ್ಣ ಬಿರುಕುಗಳಾಗಿ ಸೀಳಿತ್ತು. ಒತ್ತುಯಂತ್ರದ ಗುರುತು ಅದು. ಎಲೆಬಳ್ಳಿಯ ಮೇಲೆಲ್ಲ ಆ ಬಿರುಕುಗಳಿದ್ದವು. ಹಳದಿ ಅಕ್ಷರಗಳ ಬಳಿ ಬಂದಾಗ ಬಿರುಕುಗಳು ಮಾಯ. ಅಕ್ಷರ ದಾಟಿದೊಡನೆ ಮತ್ತೆ ಹಾಜರು. ಇದಕ್ಕಿಂತ ನೇರ ಸಾಕ್ಷಿ ಇನ್ನೊಂದಿತ್ತು. ಎಡಗಡೆ ಯಾವುದೋ ಕಾಲದಲ್ಲಿ ಬಿದ್ದ ಒಂದು ಉದ್ದ ಗೀರು ಬಳ್ಳಿಯನ್ನು ಸೀಳಿಕೊಂಡು ಬಂದು, ಮೊದಲ ಅಕ್ಷರದ ಅಡಿಗೆ ನುಸುಳಿ, ಆಚೆ ಬದಿಯಲ್ಲಿ ಮತ್ತೆ ತಲೆ ಎತ್ತಿತ್ತು. ಗೀರು ಅಕ್ಷರದ ಮೇಲೆ ಹಾಯಬೇಕಿತ್ತು. ಅಡಿಯಲ್ಲಿ ಹಾಯುವುದೆಂದರೆ ಗೀರು ಬಿದ್ದ ಮೇಲೆ ಅಕ್ಷರ ಬಂತು ಎಂದಷ್ಟೇ ಅರ್ಥ.

ನೇರಳಾತೀತ ದೀಪ ಹಚ್ಚಿ ಕೋಣೆಯನ್ನು ಕತ್ತಲೆ ಮಾಡಿದೆ. ಹಳೆಯ ವಾರ್ನಿಶ್ ಮಂದವಾಗಿ, ಹಳದಿ ಮಿಶ್ರಿತ ಹಸಿರಾಗಿ ಬೆಳಗಿತು. ಕೆಳಗಿನ ಹೆಸರಿನ ಪಟ್ಟಿ ಮಾತ್ರ ಕಪ್ಪಗೆ ಕುಳಿತಿತ್ತು, ಬಾಯಿಗೆ ಪಟ್ಟಿ ಕಟ್ಟಿದ ಹಾಗೆ.

ಇಷ್ಟಾದ ಮೇಲೆ ಸಂಶಯ ಉಳಿಯಲಿಲ್ಲವಾದರೂ ಕಂಪನಿಯ ಇತಿಹಾಸ ನೋಡೋಣವೆಂದು ಗ್ರಂಥಾಲಯದಲ್ಲಿ ಆ ಊರಿನ ಹಳೆಯ ವಿಳಾಸ ಪುಸ್ತಕಗಳನ್ನು ತೆಗೆಸಿದೆ. ಹಳದಿ ಅಕ್ಷರದ ಹೆಸರು ಕಾಣಿಸುವುದು 1912ರಿಂದ. ಅದಕ್ಕೆ ಮೊದಲು ಅದೇ ಕಾರ್ಖಾನೆ ಸ್ಥಾಪಕರ ಮನೆತನದ ಹೆಸರಿನಲ್ಲಿತ್ತು. 1909ಕ್ಕೆ ಮುಗಿದ ಮುದ್ರಕರ ಹೆಸರು, 1912ಕ್ಕೆ ಹುಟ್ಟಿದ ಗಿರಾಕಿಯ ಹೆಸರು. ಕೇಳಲು ಇದೇ ದೊಡ್ಡ ಪುರಾವೆ ಎನಿಸುತ್ತದೆ. ಆದರೆ ನಾನು ಇದಕ್ಕೆ ಕಡಿಮೆ ತೂಕ ಕೊಡುತ್ತೇನೆ. ಸಿದ್ಧ ಚಿತ್ರದ ಕಲ್ಲಿನಲ್ಲಿ ಹಳೆಯ ಹೆಸರು ಹಾಗೆಯೇ ಉಳಿದು, ಮುಂದಿನ ವರ್ಷಗಳಲ್ಲಿಯೂ ಅಚ್ಚಾಗುವುದು ಅಸಾಧ್ಯವೇನಲ್ಲ. ಕಾಗದದ ಪುರಾವೆಗೆ ಹೀಗೆ ಒಂದು ಕಿಂಡಿ ಇದ್ದೇ ಇರುತ್ತದೆ. ಅಕ್ಷರದಡಿ ನುಸುಳಿದ ಗೀರಿಗೆ ಅಂಥ ಕಿಂಡಿಯಿಲ್ಲ.

ಹೆಸರಿಗೆ ಇಷ್ಟೊಂದು ಆಸೆ ಏಕೆ? ಒಹಾಯೊದಲ್ಲಿ ಪಾನನಿಷೇಧ 1919ರ ಮೇ ತಿಂಗಳಲ್ಲೇ ಬಂತು, 1920ರ ಜನವರಿಯಲ್ಲಿ ಇಡೀ ದೇಶಕ್ಕೆ. ಕಾನೂನು ತೆರವಾದದ್ದು 1933ರ ಡಿಸೆಂಬರ್‌ನಲ್ಲಿ. ಈ ಹದಿಮೂರು ಹದಿನಾಲ್ಕು ವರ್ಷಗಳಲ್ಲಿ ಕೆಲವರು ಐಸ್ ಮಾರಿದರು, ಕೆಲವರು ಸೋಡಾ ಮಾಡಿದರು. ಸಣ್ಣ ಊರುಗಳ ಎಷ್ಟೋ ಕಾರ್ಖಾನೆಗಳು ಮತ್ತೆ ಬಾಗಿಲು ತೆರೆಯಲೇ ಇಲ್ಲ. ಅವುಗಳ ನೆನಪಿಗೆ ಉಳಿದಿರುವುದು ಒಂದೆರಡು ಬಾಟಲಿ, ಒಂದೆರಡು ಟ್ರೇ. ಆ ಊರಿನಲ್ಲಿ ಹುಟ್ಟಿದವರು ಎಷ್ಟು ಕೇಳಿದರೂ ಕೊಟ್ಟು ಕೊಳ್ಳುತ್ತಾರೆ. ಅದೇ ಹುಡುಗಿ ಗೋಧಿಹಿಟ್ಟಿನ ವ್ಯಾಪಾರಿಯ ಹೆಸರಿನ ಮೇಲೆ ನಿಂತಿದ್ದರೆ ನೂರು ಡಾಲರ್ ಹುಟ್ಟುವುದೂ ಕಷ್ಟ. ಬೆಲೆ ಇರುವುದು ಹೆಸರಿಗಾದ್ದರಿಂದ ಕಳ್ಳತನವೂ ಹೆಸರಿನಲ್ಲೇ ನಡೆಯುತ್ತದೆ. ನಾವು ಮಾತ್ರ ಮುಖ ನೋಡುತ್ತಾ ಕೂರುತ್ತೇವೆ. (ಒಹಾಯೊದ ಇನ್ನೊಂದು ತಮಾಷೆ: ಪಾನನಿಷೇಧಕ್ಕಾಗಿ ಹೋರಾಡಿದ ಆಂಟಿ-ಸಲೂನ್ ಲೀಗಿನ ಮುಖ್ಯ ಕಚೇರಿ ಮತ್ತು ಮುದ್ರಣಾಲಯ ಇದ್ದದ್ದು ಕೊಲಂಬಸ್ಸಿಗೆ ಅಂಟಿಕೊಂಡ ವೆಸ್ಟರ್‌ವಿಲ್‌ನಲ್ಲಿ. ಒಂದೇ ರಾಜ್ಯದ ಒಂದು ಊರಿನಲ್ಲಿ ಬಿಯರ್ ಟ್ರೇ ಅಚ್ಚಾಗುತ್ತಿತ್ತು, ಇನ್ನೊಂದರಲ್ಲಿ ಬಿಯರ್ ಕುಡಿದರೆ ಮನೆ ಮುಳುಗುತ್ತದೆ ಎಂಬ ಕರಪತ್ರ.)

ತೆಗೆಯುವುದೋ ಬಿಡುವುದೋ

ಗೆಳೆಯರು ಮೊದಲು ಹರಾಜಿನವರನ್ನು ಕೇಳಿದರು. "ಇದ್ದದ್ದು ಇದ್ದ ಹಾಗೆ ಮಾರಾಟ, ನೋಡಲು ಒಂದು ದಿನ ಕೊಟ್ಟಿದ್ದೆವು" ಎಂಬ ಉತ್ತರ ಬಂತು. ನಿಯಮಪತ್ರದಲ್ಲೂ ಹಾಗೆಯೇ ಇತ್ತು. ಮೇಲಾಗಿ ನಾರಿನಿಂದ ತಿಕ್ಕಿದ ವಸ್ತುವನ್ನು ಯಾರು ವಾಪಸು ತೆಗೆದುಕೊಳ್ಳುತ್ತಾರೆ? ಯಾರು, ಯಾವಾಗ ಆ ಹೆಸರು ಬರೆದರೋ ಹೇಳುವವರಿಲ್ಲ. ಟ್ರೇ ಬಂದದ್ದು ತೀರಿಹೋದ ಮುದುಕರೊಬ್ಬರ ಮನೆಯಿಂದ. ಅವರೂ ಮೋಸ ಹೋದವರೇ ಇರಬಹುದು.

ಮೇಲಿನ ಬಣ್ಣ ತೆಗೆಯಬೇಕೇ ಎಂಬುದರ ಬಗ್ಗೆ ನಾನು ಎರಡು ವಾರ ತಡೆದೆ. ತೆಗೆದರೆ ಅಡಿಯ ಅಚ್ಚೂ ಏಳಬಹುದು. ಬಿಟ್ಟರೆ ಟ್ರೇ ಮುಂದೆ ಯಾರದೋ ಕೈಗೆ ಹೋಗಿ ಮತ್ತೆ ಸುಳ್ಳು ಹೇಳುತ್ತದೆ. ಕೊನೆಗೆ ಗೆಳೆಯರೇ, "ಅಮ್ಮ ಹೇಗೂ ಅರ್ಧ ಮಾಡಿದ್ದಾರೆ, ನೀವು ಪೂರ್ತಿ ಮಾಡಿ" ಎಂದರು.

ಹಿಂಬದಿಯ ಅಂಚಿನ ಮೂಲೆಯಲ್ಲಿ ಮೊದಲು ಪರೀಕ್ಷೆ ಮಾಡಿದೆ. ಅಸಿಟೋನ್ ಮುಟ್ಟಲಿಲ್ಲ, ಅದು ಹಳೆಯ ವಾರ್ನಿಶ್ಶನ್ನೂ ಎಳೆದುಕೊಂಡು ಬರುತ್ತದೆ. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹತ್ತಿಕಡ್ಡಿ ಅದ್ದಿ, ಹಿಂಡಿ, ಉಜ್ಜದೆ ಉರುಳಿಸಿದೆ. ಮೂಲ ಬಣ್ಣ ಜಗ್ಗಲಿಲ್ಲ. ಆಮೇಲೆ ಅದೇ ಕಡ್ಡಿಯನ್ನು ಹಳದಿ ಅಕ್ಷರದ ಮೇಲೆ ಉರುಳಿಸಿದಾಗ ಅಕ್ಷರ ಮೊದಲು ಮೆತ್ತಗಾಯಿತು, ನಂತರ ಹಾಲಿನ ಕೆನೆಯಂತೆ ಸುರುಳಿ ಸುತ್ತಿಕೊಂಡು ಎದ್ದಿತು. ಅಕ್ರಿಲಿಕ್ ಬಣ್ಣದ ಸ್ವಭಾವವೇ ಅದು. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಅಂಗಡಿಗಳಿಗೆ ಬಂದದ್ದು 1950ರ ದಶಕದಲ್ಲಿ. ಎಂದರೆ ಬಿಯರ್ ಕಂಪನಿಯ ಹೆಸರು ಬರೆದದ್ದು ಟ್ರೇ ಅಚ್ಚಾಗಿ ಎಷ್ಟೋ ವರ್ಷಗಳಾದ ಮೇಲೆ.

ನಾಲ್ಕು ಸಂಜೆ ಹಿಡಿಯಿತು. ಒಂದು ಸಂಜೆಗೆ ಎರಡು ಅಂಗುಲಕ್ಕಿಂತ ಮುಂದೆ ಹೋಗಬಾರದೆಂದು ನನಗೆ ನಾನೇ ಕಟ್ಟು ಹಾಕಿಕೊಂಡಿದ್ದೆ. ಅಡಿಯಿಂದ ಕೆನೆಬಣ್ಣದ ಅಕ್ಷರಗಳು ಒಂದೊಂದಾಗಿ ಹೊರಬಂದವು, ಮೈಮೇಲೆ ತಮ್ಮ ಪಾಲಿನ ಕೂದಲೆಳೆ ಬಿರುಕುಗಳ ಸಮೇತ. ಮೊದಲು ಒಬ್ಬ ವ್ಯಾಪಾರಿಯ ಹೆಸರು. ಅದರ ಕೆಳಗೆ ಚಿಕ್ಕದಾಗಿ: ಚಹಾ, ಕಾಫಿ, ಸಾಂಬಾರ ಪದಾರ್ಥ. ಬಲಕ್ಕೆ 'ಎರಡೂ ಫೋನ್'. ಈ ಕೊನೆಯ ಮಾತು ಓದಿ ಖುಷಿಯಾಯಿತು. ಬೆಲ್ ಕಂಪನಿಯ ಪೇಟೆಂಟ್ 1890ರ ದಶಕದಲ್ಲಿ ಮುಗಿದ ಮೇಲೆ ಊರೂರಿನಲ್ಲಿ ಎದುರಾಳಿ ಫೋನ್ ಕಂಪನಿಗಳು ಹುಟ್ಟಿದವು. ಒಂದರಿಂದ ಇನ್ನೊಂದಕ್ಕೆ ಕರೆ ಹೋಗುತ್ತಿರಲಿಲ್ಲ. ಗಿರಾಕಿ ಕೈತಪ್ಪಬಾರದೆಂದರೆ ಅಂಗಡಿಯವರು ಎರಡೂ ತಂತಿ ಎಳೆಸಿಕೊಳ್ಳಬೇಕು, ಅದನ್ನು ಜಾಹೀರಾತಿನಲ್ಲಿ ಹೇಳಿಕೊಳ್ಳಬೇಕು. ಟ್ರೇಯ ಕಾಲಕ್ಕೆ ಸರಿಯಾಗಿ ಹೊಂದುವ ಮಾತು.

ಬೆಲೆಯ ಲೆಕ್ಕ ಹೇಳಿಬಿಡುತ್ತೇನೆ. 425 ಕೊಟ್ಟ ವಸ್ತು ಈಗ ನನ್ನ ಅಂದಾಜಿನಲ್ಲಿ ಎಂಬತ್ತಕ್ಕೆ ಹೋದರೆ ಹೆಚ್ಚು, ಅದೂ ನಾರಿನ ಗೀರುಗಳನ್ನು ಕಂಡೂ ಕಾಣದವರು ಸಿಕ್ಕಿದರೆ. ತಪ್ಪು ಸಲಹೆ ಕೊಟ್ಟದ್ದಕ್ಕೆ ಅರ್ಧ ನಾನು ಭರಿಸುತ್ತೇನೆ ಎಂದೆ, ಗೆಳೆಯರು ಒಪ್ಪಲಿಲ್ಲ. ಅಂದಿನಿಂದ ಮೊಬೈಲ್ ಚಿತ್ರ ನೋಡಿ ಅಭಿಪ್ರಾಯ ಹೇಳುವುದನ್ನು ನಿಲ್ಲಿಸಿದ್ದೇನೆ. ಹರಾಜಿಗೆ ಹೋದರೆ ಗಾಜನ್ನು ಮೊದಲು ಇಡುವುದು ಹೆಸರಿನ ಮೇಲೆ, ಅದೂ ಅಂಚು ತಿರುಗುವ ಜಾಗದಲ್ಲಿ.

ಮೇಣದ ತೆಳು ಲೇಪ ಕೊಟ್ಟು ಟ್ರೇಯನ್ನು ಹಿಂದಿರುಗಿಸಲು ಹೋದ ದಿನ ಅಮ್ಮ ಊರಿಗೆ ಹೊರಡಲು ಪೆಟ್ಟಿಗೆ ಕಟ್ಟುತ್ತಿದ್ದರು. ಮಗ ಕೆಳಗಿನ ಸಾಲುಗಳನ್ನು ಓದಿ ಅರ್ಥ ಹೇಳಿದಾಗ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಹೆಂಡದಂಗಡಿಯದು ಎಂದಿರಲ್ಲೋ? ಇದು ದಿನಸಿ ಅಂಗಡಿಯದು."

"ಹೌದಮ್ಮ."

"ಹಾಗಾದರೆ ನಮ್ಮ ಪೇಟೆ ಬೀದಿಯ ಶೆಟ್ಟರು ಕೊಡುತ್ತಿದ್ದ ಕ್ಯಾಲೆಂಡರಿನ ಹಾಗೇ" ಎಂದು ಹೇಳಿ, ದೇವರ ಕೋಣೆಯ ಹೊರಗೋಡೆಯ ಮೊಳೆಗೆ ತಾವೇ ತೂಗುಹಾಕಿದರು. ಬಿಸಿಲು ನೇರವಾಗಿ ಬೀಳದ ಜಾಗ. ಗುಲಾಬಿಯ ಕೆಂಪು ಬೇಗ ಮಾಸುವುದಿಲ್ಲ. ಬಲತುದಿಯಲ್ಲಿ ಒಂದು ಹಳದಿ ಅಕ್ಷರವನ್ನು ನಾನು ಬೇಕೆಂದೇ ತೆಗೆಯದೆ ಬಿಟ್ಟಿದ್ದೇನೆ. ಮುಂದೆ ಯಾರಾದರೂ ಭೂತಗನ್ನಡಿ ಇಟ್ಟು ನೋಡಿದರೆ ಏನು ನಡೆದಿತ್ತು ಎಂದು ಅವರಿಗೆ ತಿಳಿಯಬೇಕಲ್ಲ.